ಸಂಶಯ ಸಾಕು, ಸಾಕ್ಷಿ ಬೇಡ

ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ತರಗತಿಗೆ ಬರುವ ಹೊತ್ತು. ಮುಂಡರಗಿ ಕಡೆಯ ಯಾವುದೋ ಒಂದು ಹಳ್ಳಿಯ ಶಾಲೆ ಎಂದಿಟ್ಟುಕೊಳ್ಳೋಣ. ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ಸುಡುಬಿಸಿಲಿನ ದಿನವೂ ತುಂಬು ತೋಳಿನ ಅಂಗಿ ಹಾಕಿಕೊಂಡು ಬಂದಿದ್ದಾನೆ. ಹಲಗೆಯ ಮೇಲೆ ಲೆಕ್ಕ ಬಿಡಿಸಲು ಕೈ ಎತ್ತಿದಾಗ ತೋಳು ಜಾರುತ್ತದೆ. ರಟ್ಟೆಯ ಮೇಲೆ ಬೆರಳು ಮೂಡಿದಂತೆ ಕಂದುಗಟ್ಟಿದ ಗುರುತು. "ಏನಾತೋ?" ಎಂದರೆ, "ಬಿದ್ದೀನ್ರಿ ಅಕ್ಕೋರ" ಎಂದು ನೆಲ ನೋಡುತ್ತಾನೆ.

ಊಟದ ಬಿಡುವಿನಲ್ಲಿ ಶಿಕ್ಷಕಿ ಈ ಮಾತು ತೆಗೆಯುತ್ತಾರೆ. ಒಬ್ಬರು, "ಮನಿ ಅಂದಮ್ಯಾಲ ಒಂದ್ ಏಟು ಬೀಳತೈತಿ, ನಮಗ್ಯಾಕ್ರಿ?" ಎನ್ನುತ್ತಾರೆ. ಇನ್ನೊಬ್ಬರು, "ನಾಳೆ ಕೋರ್ಟಿಗೆ ಓಡ್ಯಾಡೋರು ಯಾರು?" ಎನ್ನುತ್ತಾರೆ. ಮೂರನೆಯವರದು ಎಲ್ಲಕ್ಕಿಂತ ಭಾರವಾದ ಮಾತು: "ನಾವು ಇದೇ ಊರಾಗ ಇರಬೇಕಲ್ರಿ." ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ವಿಷಯ ಅಲ್ಲಿಗೇ ನಿಲ್ಲುತ್ತದೆ.

ಹುಡುಗ ಕಲ್ಪನೆಯವನು. ಆದರೆ ಈ ಮೂರು ಮಾತುಗಳು ಕಲ್ಪನೆಯವಲ್ಲ. ಗದಗ-ಬೆಟಗೇರಿಯ ದೊಡ್ಡ ಪ್ರೌಢಶಾಲೆಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಹಳ್ಳಿಶಾಲೆಯಿರಲಿ, ಶಿಕ್ಷಕರ ಕೊಠಡಿಯಲ್ಲಿ ಇವು ಯಾರಿಗೂ ಹೊಸವಲ್ಲ. ಇವುಗಳನ್ನು ಆಡುವವರು ಕೆಟ್ಟವರೂ ಅಲ್ಲ, ಹೆದರಿದವರು. ಆ ಹೆದರಿಕೆಗೆ ಎಷ್ಟು ಆಧಾರವಿದೆ ಎಂದು ನೋಡುವುದು ಒಳ್ಳೆಯದು.

ಮೊದಲು, ಇದು ಶಾಲೆಯವರ ಕೆಲಸವೇ ಏಕೆ? ವೈದ್ಯರು ಮಗುವನ್ನು ನೋಡುವುದು ಕಾಯಿಲೆ ಬಿದ್ದಾಗ. ಪೊಲೀಸರು ನೋಡುವುದು ದೂರು ಬಂದಾಗ. ಮಳೆ ಕೈಕೊಟ್ಟ ವರ್ಷ ತಾಯ್ತಂದೆ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗಿ, ಮಕ್ಕಳು ಅಜ್ಜಿಯ ಅಥವಾ ಚಿಕ್ಕಪ್ಪನ ಮನೆಯಲ್ಲಿ ಉಳಿಯುವುದು ಈ ಸೀಮೆಯ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಂಥ ಮಗುವನ್ನು ದಿನವೂ ಐದಾರು ತಾಸು ಹತ್ತಿರದಿಂದ ನೋಡುವ ಹೊರಗಿನ ಹಿರಿಯರೆಂದರೆ ಶಾಲೆಯವರೇ. ಶಿಕ್ಷಕರಷ್ಟೇ ಅಲ್ಲ, ಬಿಸಿಯೂಟ ಬಡಿಸುವ ತಾಯಂದಿರಿಗೂ ಬಹಳ ತಿಳಿದಿರುತ್ತದೆ. ಯಾವ ಮಗು ಸೋಮವಾರ ಎರಡು ಪಾಲು ಉಣ್ಣುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ.

ಮಗು ತಾನಾಗಿ ಹೇಳುತ್ತದೆ ಎಂದು ಕಾಯುವುದು ಸರಿಯಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ. 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದರು. ಬಹುಪಾಲು ಮಕ್ಕಳು ಅದುವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಕರ್ನಾಟಕ ಆ 13 ರಾಜ್ಯಗಳಲ್ಲಿ ಇರಲಿಲ್ಲ. ಆದರೆ ರಾಜ್ಯದ ಗಡಿ ದಾಟಿದೊಡನೆ ಮಕ್ಕಳ ಸ್ವಭಾವ ಬದಲಾಗುವುದಿಲ್ಲ.

ಮಗು ಬಾಯಿ ಬಿಡದಿದ್ದರೂ ಮೈ ಹೇಳುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಕಂಡುಕೊಂಡದ್ದೂ ತಡವಾಗಿಯೇ. 1946ರಲ್ಲಿ ಅಮೆರಿಕದ ಕ್ಷಕಿರಣ ತಜ್ಞ ಜಾನ್ ಕ್ಯಾಫಿ ಆರು ಕೂಸುಗಳ ಚಿತ್ರಗಳಲ್ಲಿ 23 ಎಲುಬು ಮುರಿತಗಳನ್ನು ಎಣಿಸಿದರು. ಹೇಗಾಯಿತೆಂದು ಹೇಳುವವರು ಯಾರೂ ಇರಲಿಲ್ಲ. 1962ರಲ್ಲಿ ಡೆನ್ವರಿನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು 71 ಆಸ್ಪತ್ರೆಗಳಿಂದ ಒಂದೇ ವರ್ಷದ 302 ಪ್ರಕರಣಗಳನ್ನು ಕಲೆಹಾಕಿ ಪ್ರಕಟಿಸಿದರು. 33 ಮಕ್ಕಳು ಸತ್ತಿದ್ದರು. 85 ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು. ಹೊಡೆದವರು ಹೆಚ್ಚಾಗಿ ಸಾಕುವವರೇ. ಮುಂದಿನ ಐದೇ ವರ್ಷಗಳಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ, ಸಂಶಯ ಬಂದರೆ ತಿಳಿಸಲೇಬೇಕೆಂಬ ಕಾನೂನು ಮಾಡಿದವು. ಮೊದಲು ಅದು ವೈದ್ಯರಿಗೆ, ಆಮೇಲೆ ಶಿಕ್ಷಕರಿಗೂ ಅನ್ವಯಿಸಿತು.

ಆಡುವ ಮಗು ಬೀಳುತ್ತದೆ, ನಿಜ. ಬಿದ್ದ ಪೆಟ್ಟು ಮೊಣಕಾಲು, ಮೊಣಕೈ, ಹಣೆ, ಮುಂಗಾಲಿನ ಎಲುಬು ಮುಂತಾದ ಉಬ್ಬಿದ ಜಾಗಗಳಿಗೆ ಆಗುತ್ತದೆ. ಕಿವಿ, ಕುತ್ತಿಗೆ, ಬೆನ್ನು, ರಟ್ಟೆಯ ಒಳಬದಿ, ತೊಡೆ ಇವು ಬಿದ್ದಾಗ ಸಾಮಾನ್ಯವಾಗಿ ನೆಲಕ್ಕೆ ತಾಗದ ಭಾಗಗಳು. ಬೆಲ್ಟಿನ, ಹಗ್ಗದ, ಬೀಡಿಯ ಆಕಾರ ಚರ್ಮದ ಮೇಲೆ ಮೂಡಿದ್ದರೆ ಅದು ಆಟದ ಗಾಯವಲ್ಲ. ಚರ್ಮದಡಿ ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆಯುತ್ತ ಹೋದಂತೆ ಕಲೆ ನೀಲಿಯಿಂದ ಹಸಿರು, ಹಳದಿಗೆ ತಿರುಗುತ್ತದೆ. ಆದರೆ ಬಣ್ಣ ನೋಡಿ ಪೆಟ್ಟು ಎಷ್ಟು ದಿನದ್ದೆಂದು ಕರಾರುವಾಕ್ಕಾಗಿ ಹೇಳಲು ವೈದ್ಯರಿಗೂ ಬರುವುದಿಲ್ಲ. ಶಿಕ್ಷಕರು ಆ ಗೋಜಿಗೆ ಹೋಗಬೇಕಾಗಿಯೂ ಇಲ್ಲ. ಅಲ್ಲದೆ ಎಲ್ಲ ಗಾಯವೂ ಚರ್ಮದ ಮೇಲೆ ಇರುವುದಿಲ್ಲ. ಚೆನ್ನಾಗಿ ಓದುತ್ತಿದ್ದವಳು ತಟ್ಟನೆ ಮಂಕಾಗುವುದು, ಶಾಲೆ ಬಿಟ್ಟರೂ ಮನೆಗೆ ಹೋಗಲು ಹಿಂಜರಿಯುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಬೆಚ್ಚುವುದು, ಇವೂ ಗುರುತುಗಳೇ.

ಈಗ ನಮ್ಮ ದೇಶದ ಕಾನೂನಿಗೆ ಬರೋಣ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಇಂಥ ಅಪರಾಧ ನಡೆದದ್ದು ತಿಳಿದರೆ, ಅಥವಾ ನಡೆಯಬಹುದೆಂಬ ಆತಂಕವಿದ್ದರೂ, ಅಂಥ ಯಾವುದೇ ವ್ಯಕ್ತಿ ಪೊಲೀಸರಿಗೆ ಇಲ್ಲವೇ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಬೇಕು ಎನ್ನುತ್ತದೆ ಅದರ 19ನೆಯ ಕಲಮು. ತಿಳಿಸದಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವನೇ ಅಪರಾಧ ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ.

ಇಲ್ಲಿ 'ಯಾವುದೇ ವ್ಯಕ್ತಿ' ಎಂಬ ಮಾತನ್ನು ಗಮನಿಸಬೇಕು. "ಹೆಡ್‌ಮಾಸ್ತರರಿಗೆ ಹೇಳೀನಿ, ನನ್ನ ಕೆಲಸ ಮುಗೀತು" ಎನ್ನುವಂತಿಲ್ಲ. ಹೆಡ್‌ಮಾಸ್ತರರು ಬರೆದು ತಿಳಿಸಿದರೆ ಒಳ್ಳೆಯದೇ; ಅವರು ಸುಮ್ಮನಿದ್ದರೆ ಹೊಣೆ ತಿಳಿದವರ ಮೇಲೆಯೇ ಉಳಿಯುತ್ತದೆ. ಸಂಶಯ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಶಾಲೆಯವರ ಕೆಲಸವಲ್ಲ, ತನಿಖೆಯವರದು. ಸದ್ಭಾವನೆಯಿಂದ ತಿಳಿಸಿದ್ದು ಮುಂದೆ ಸುಳ್ಳೆಂದು ಕಂಡರೂ ತಿಳಿಸಿದವರ ಮೇಲೆ ಕ್ರಮವಿಲ್ಲ ಎಂದು ಅದೇ 19ನೆಯ ಕಲಮು ಹೇಳುತ್ತದೆ. ಶಿಕ್ಷೆ ಇರುವುದು ದುರುದ್ದೇಶದಿಂದ ಕಟ್ಟಿದ ಸುಳ್ಳಿಗೆ ಮಾತ್ರ.

ಈ ಕಲಮುಗಳು ಕಾಗದದಲ್ಲೇ ಉಳಿದಿಲ್ಲ. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆದ ಪ್ರಕರಣದಲ್ಲಿ ಶಾಲೆಯ ಅಧ್ಯಕ್ಷರನ್ನೂ ಪೊಲೀಸರು ಬಂಧಿಸಿದರು. ಪೊಲೀಸರಿಗೆ ವಿಷಯ ತಿಳಿಸಲಿಲ್ಲ ಎಂಬುದು ಅವರ ಮೇಲಿನ ಆರೋಪಗಳಲ್ಲೊಂದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಶಾಲಾ ಹಾಸ್ಟೆಲ್ಲಿನ 17 ಬಾಲಕಿಯರ ಪ್ರಕರಣದಲ್ಲಿ, ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರು ತಿಳಿದೂ ತಿಳಿಸಲಿಲ್ಲವೆಂಬ ಮೊಕದ್ದಮೆಯನ್ನು ಹೈಕೋರ್ಟು ರದ್ದು ಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ಮುಚ್ಚಿಡುವುದು ಗಂಭೀರ ಅಪರಾಧವೆಂದು ಹೇಳಿತು.

ಆದರೆ ಆ ನಾಲ್ಕನೆಯ ಇಯತ್ತೆಯ ಹುಡುಗನ ಗತಿ ಏನು? ಅವನ ಮೈಮೇಲಿರುವುದು ಹೊಡೆತದ ಗುರುತು. ಮಗುವನ್ನು ನೋಡಿಕೊಳ್ಳುವವರೇ ಅದನ್ನು ಹೊಡೆದು ಬಡಿದು ಹಿಂಸಿಸಿದರೆ, ಬೇಕೆಂತಲೇ ಕಡೆಗಣಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಉಂಟು. ಆದರೆ ಇದನ್ನು ಕಂಡೂ ಸುಮ್ಮನಿದ್ದ ಶಿಕ್ಷಕರಿಗೆ ಪೋಕ್ಸೊದಲ್ಲಿರುವಂಥ ಶಿಕ್ಷೆ ಇಲ್ಲಿಲ್ಲ. ಬಾಗಿಲು ಮಾತ್ರ ತೆರೆದಿದೆ: ಸರಕಾರಿ ನೌಕರರಾಗಲಿ, ಕಳಕಳಿಯುಳ್ಳ ಯಾವ ನಾಗರಿಕರಾಗಲಿ ಇಂಥ ಮಗುವಿನ ವಿಷಯವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಯ್ಯಬಹುದು. ಅಂದರೆ ಈ ಹುಡುಗನ ಪಾಲಿಗೆ ಕಾನೂನಿನ ಹೆದರಿಕೆ ಕೆಲಸ ಮಾಡುವುದಿಲ್ಲ. ಆ ಶಿಕ್ಷಕಿಯ ಮನಸ್ಸೇ ಕೆಲಸ ಮಾಡಬೇಕು.

ಹಾಗೆಂದು ಬಡತನವನ್ನೇ ನಿರ್ಲಕ್ಷ್ಯವೆಂದು ಎಣಿಸಬಾರದು. ಹರಿದ ಅಂಗಿ ಹಾಕಿಸಿ ಕಳಿಸಿದ ಅಜ್ಜಿ ಅಪರಾಧಿಯಲ್ಲ. ಅಂಥ ಮನೆಗೆ ಬೇಕಾದದ್ದು ಪೊಲೀಸರಲ್ಲ, ನೆರವು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ಅವಕಾಶವಿದೆ. ಅದು ಸಿಗಬೇಕಾದರೂ ಮೊದಲು ಯಾರಾದರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ವಿಷಯ ಮುಟ್ಟಿಸಬೇಕು.

ತಿಳಿಸುವುದು ಹೇಗೆ? ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕಾಸು ಬೀಳದು. 1996ರಲ್ಲಿ ಮುಂಬಯಿಯಲ್ಲಿ ಸ್ವಯಂಸೇವಾ ಸಂಸ್ಥೆಯ ಕೈಯಲ್ಲಿ ಶುರುವಾದ ಈ ಸೇವೆಯನ್ನು 2023ರಿಂದ ಸರಕಾರವೇ ನಡೆಸುತ್ತಿದ್ದು, 112ರ ತುರ್ತು ಸೇವೆಗೂ ಜೋಡಿಸಲಾಗಿದೆ. ಮೂರು ತಿಂಗಳಿನಿಂದ ಶಾಲೆಗೆ ಬಾರದ ಒಂಬತ್ತನೆಯ ತರಗತಿಯ ಹುಡುಗಿಯ ಮನೆ ಮುಂದೆ ಹಂದರ ಏಳುತ್ತಿದ್ದರೆ ಅದನ್ನು ತಿಳಿಸಬೇಕಾದದ್ದೂ ಇದೇ ಸಂಖ್ಯೆಗೆ.

ಮಾಡಬಾರದ್ದೂ ಕೆಲವಿವೆ. ಮಗುವನ್ನು ಐದು ಜನರ ಮುಂದೆ ನಿಲ್ಲಿಸಿ ಮತ್ತೆ ಮತ್ತೆ ಕೇಳಬಾರದು. ಗಾಯದ ಚಿತ್ರ ತೆಗೆದು ವಾಟ್ಸ್ಆ್ಯಪಿನಲ್ಲಿ ಹಂಚಬಾರದು. ಮಗುವಿನ ಗುರುತು ಬಯಲಾಗುವುದೇ ಇನ್ನೊಂದು ಅನ್ಯಾಯ. ಯಾರ ಮೇಲೆ ಸಂಶಯವಿದೆಯೋ ಅವರನ್ನೇ ಕರೆಸಿ "ತಿಳಿಹೇಳುವುದು" ಎಲ್ಲಕ್ಕಿಂತ ಅಪಾಯದ ಕೆಲಸ. ಆ ರಾತ್ರಿ ಮಗು ಹೋಗಬೇಕಾದದ್ದು ಅದೇ ಮನೆಗೆ. ಆರೋಪ ಸಹೋದ್ಯೋಗಿಯ ಮೇಲಿದ್ದಾಗ "ಶಾಲೆಯ ಮಾನ" ಎಂದು ರಾಜಿ ಮಾಡಿಸುವುದಂತೂ ನೇರವಾಗಿ ಅಪರಾಧ. ಮಾಡಬೇಕಾದದ್ದು ಇಷ್ಟೇ: ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ಕಂಡದ್ದನ್ನು ಕಂಡಹಾಗೆ, ದಿನಾಂಕ ಹಾಕಿ ಬರೆದಿಡುವುದು; ಅಂದೇ ತಿಳಿಸುವುದು.

ಉಳಿದದ್ದು ಮೂರನೆಯವರ ಮಾತು: "ಇದೇ ಊರಾಗ ಇರಬೇಕಲ್ರಿ." ಇದಕ್ಕೆ ಸುಲಭದ ಉತ್ತರವಿಲ್ಲ. ಹೆಸರು ಹೇಳದೆ ಕರೆ ಮಾಡಿದರೂ ಸಣ್ಣ ಊರಿನಲ್ಲಿ ಯಾರು ಹೇಳಿದರೆಂದು ಜನ ಊಹಿಸುತ್ತಾರೆ. ಬೇಕಾದರೆ ಕೋರ್ಟಿಗೆ ಹೋಗಿ ಹೇಳಿಕೆ ಕೊಡಬೇಕಾದೀತು. ಕೆಲವರು ಮಾತು ಬಿಟ್ಟಾರು. ಅದಕ್ಕೇ ಇದು ಒಬ್ಬ ಶಿಕ್ಷಕಿಯ ತಲೆಯ ಮೇಲೆ ಬೀಳಬಾರದು. ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿ ಸಂಸ್ಥೆಗೂ ಮಕ್ಕಳ ರಕ್ಷಣಾ ನೀತಿ ಇರಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಇಡೀ ಶಾಲೆ ಒಟ್ಟಾಗಿ, ಹೆಡ್‌ಮಾಸ್ತರರ ಸಹಿಯೊಂದಿಗೆ ತಿಳಿಸುವ ಪದ್ಧತಿ ಬಿದ್ದರೆ ಬೊಟ್ಟು ಮಾಡಲು ಒಬ್ಬರು ಸಿಗುವುದಿಲ್ಲ.

ಇದೇ ಊರಿನಲ್ಲಿ ಆ ಹುಡುಗನೂ ಇರಬೇಕು. ಅವನಿಗೆ ವರ್ಗಾವಣೆಯೂ ಇಲ್ಲ, ರಜೆಯೂ ಇಲ್ಲ. "ಬಿದ್ದೀನ್ರಿ" ಎಂದು ಅವನು ಹೇಳಿದ್ದು ಅಕ್ಕೋರು ನಂಬಲಿ ಎಂದೋ, ನಂಬದಿರಲಿ ಎಂದೋ, ಅವನಿಗೂ ಗೊತ್ತಿರಲಿಕ್ಕಿಲ್ಲ. ನಾಳೆಯೂ ಅವನು ಅದೇ ಅಂಗಿ ತೊಟ್ಟು ಪ್ರಾರ್ಥನೆಗೆ ಬಂದು ನಿಲ್ಲುತ್ತಾನೆ.