ಬಿಡುವಿನ ವೇಳೆ: ಓಡುವ ಎತ್ತಿನ ಚಿತ್ರ

ನಿಂತವರ ಚಿತ್ರವನ್ನು ತೆಗೆಯುವದು ಸುಲಭವು. ಓಡುವವರ ಚಿತ್ರವನ್ನು ತೆಗೆಯುವದು ಕಷ್ಟವು. ಈ ಮಾತನ್ನು ನಾವು ಅನ್ಯರಿಂದ ಕೇಳಿ ಬರೆಯುತ್ತಿಲ್ಲ. ನಮ್ಮ ಕೈಯೇ ನಮಗೆ ಕಲಿಸಿದ ಪಾಠವಿದು. ಈಗ ಮನೆಮನೆಗೂ ಮೊಬೈಲು ಬಂದಿರುವದರಿಂದ ಚಿತ್ರ ತೆಗೆಯುವ ಸಾಧನವಿಲ್ಲದ ಕುಟುಂಬವು ವಿರಳ. ಆದರೂ ಹಬ್ಬ ಮುಗಿದ ಮೇಲೆ ನೋಡಿದರೆ, ಆಡುವ ಕೂಸಿನ ಮುಖವು ಮಸುಕು, ಜಿಗಿಯುವ ಕರುವಿನ ಬಾಲ ಮಾತ್ರ ಸ್ಪಷ್ಟ! ಆದುದರಿಂದ ಈ ತಿಂಗಳು ಇದೇ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ಜ್ಯೇಷ್ಠ ಮಾಸದ ಹುಣ್ಣಿಮೆಯು ನಮ್ಮ ಧಾರವಾಡ ಸೀಮೆಗೆ ಕಾರಹುಣ್ಣಿಮೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಡೆಯ ಅನೇಕ ಹಳ್ಳಿಗಳಲ್ಲಿ ರೈತರು ಅಂದು ಎತ್ತುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಜೂಲ ಹೊದಿಸಿ ಸಿಂಗರಿಸುವರು. ಸಂಜೆಗೆ ಅಗಸಿಯ ಬಳಿಯಲ್ಲಿ ಬೇವಿನ ತಪ್ಪಲು ಕಟ್ಟಿದ ಹಗ್ಗವನ್ನು ಅಡ್ಡ ಹಿಡಿದಿರುವರು. ಓಡಿ ಬಂದ ಎತ್ತುಗಳು ಅದನ್ನು ಹರಿಯಬೇಕು. ಇದೇ ಕರಿ ಹರಿಯುವದು. ಬಿಳಿಯ ಎತ್ತು ಮುಂದಾದರೆ ಹಿಂಗಾರಿ ಬೆಳೆ, ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಹುಲುಸಾಗುವದೆಂದು ಹಿರಿಯರ ನಂಬಿಗೆ. ವರ್ಷವೆಲ್ಲ ಕಾದ ನೋಟವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಹೋಗುವದು.

ಹಿಂದಿನ ವರ್ಷ ನಾವು ಕುಂದಗೋಳ ತಾಲೂಕಿನಲ್ಲಿರುವ ನಮ್ಮ ಬೀಗರ ಹಳ್ಳಿಗೆ ಹೋಗಿದ್ದೆವು. ಆ ಮನೆಯ ಅಜ್ಜನವರ ಬಿಳಿಯ ಎತ್ತೇ ಅಂದು ಕರಿ ಹರಿಯಿತು. ಅದಕ್ಕೆ ವಯಸ್ಸಾಗಿತ್ತು, ಮನೆಯವರು ಗಳೆವಿಗೆ ಟ್ರ್ಯಾಕ್ಟರನ್ನು ಬಾಡಿಗೆಗೆ ಹಿಡಿಯತೊಡಗಿದ್ದರು. ಅಂಥ ಎತ್ತಿನದೊಂದು ಚಿತ್ರವಿರಲೆಂದು ಅಜ್ಜನವರು ನಮ್ಮನ್ನು ಕೇಳಿಕೊಂಡಿದ್ದರು. ನಾವು ತೆಗೆದುದನ್ನು ತೋರಿಸಿದಾಗ ಬಹಳ ಹೊತ್ತು ನೋಡಿ, “ತಮ್ಮಾ, ಬಾಲಾ ನಾ ದಿನಾ ನೋಡತೇನಿ, ಮಾರಿ ಎಲ್ಲೈತಿ?” ಎಂದರು. ನಾವು ತಲೆ ತಗ್ಗಿಸಿದೆವು. ಹದಿನೈದು ದಿನಗಳ ಮೇಲೆ ಬಂದ ಮಣ್ಣೆತ್ತಿನ ಅಮಾವಾಸ್ಯೆಯ ದಿವಸ ಆ ಮನೆಯ ಮಕ್ಕಳು, “ಮಾಮಾ, ಇದು ಓಡೂದಿಲ್ಲ, ಇದರ ಫೋಟೋ ತೆಗೀರಿ” ಎಂದು ನಕ್ಕುದೂ ಉಂಟು.

ತಪ್ಪು ಎಲ್ಲಿ ಆಯಿತು? ಲೆಕ್ಕ ಹಾಕಿ ನೋಡಿದೆವು. ಎತ್ತು ಗಂಟೆಗೆ 18 ಕಿಲೋಮೀಟರಿನಂತೆ ಓಡುವದೆಂದು ಹಿಡಿದರೆ ಒಂದು ಸೆಕೆಂಡಿಗೆ 5 ಮೀಟರು ಆಯಿತು. ಕಣ್ಣು ಕಂಡುದನ್ನು ಬೆರಳು ತಿಳಿದು ಒತ್ತುವಷ್ಟರಲ್ಲಿ ಸುಮಾರು 1/5 ಸೆಕೆಂಡು ಕಳೆಯುವದು; ಅಷ್ಟರಲ್ಲಿ ಎತ್ತು ಒಂದು ಮೀಟರು ಮುಂದೆ ಹೋಗಿರುವದು. ಬಾಲವಲ್ಲದೆ ಮತ್ತೇನು ಸಿಕ್ಕೀತು? ಇನ್ನು, ಕ್ಯಾಮರಾದ ಬಾಗಿಲು 1/50 ಸೆಕೆಂಡು ತೆರೆದಿದ್ದರೆ ಅಷ್ಟರೊಳಗೆ ಎತ್ತು 10 ಸೆಂಟಿಮೀಟರು ಸರಿಯುವದು, ಚಿತ್ರವು ಮಸುಕಾಗುವದು. 1/1000 ಸೆಕೆಂಡಾದರೆ ಅರ್ಧ ಸೆಂಟಿಮೀಟರು ಮಾತ್ರ. ಆದರೆ ಬಾಗಿಲು ಬೇಗ ಮುಚ್ಚಿದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಮೋಡ ಕವಿದ ಸಂಜೆಯಲ್ಲಿ ಇದನ್ನು ಮರೆಯಲಾಗದು.

ಆದ್ದರಿಂದ ಮೂರು ಸೂತ್ರಗಳನ್ನು ಮಾಡಿಕೊಂಡೆವು. ಎತ್ತು ಎಲ್ಲಿಗೆ ಬರುವದೋ ಆ ನೆಲಕ್ಕೆ ಮೊದಲೇ ದೃಷ್ಟಿಯನ್ನು ಸ್ಥಿರಪಡಿಸಬೇಕು. ಅನೇಕ ಮೊಬೈಲುಗಳಲ್ಲಿ ಪರದೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಇದು ಸಾಧಿಸುವದು. ಎತ್ತು ಆ ಸ್ಥಳಕ್ಕೆ ಬರುವ ಮುಂಚೆಯೇ ಗುಂಡಿಯನ್ನು ಒತ್ತಬೇಕು. ಪಕ್ಕದಿಂದ ತೆಗೆಯುವದಾದರೆ ಕ್ಯಾಮರಾವನ್ನು ಎತ್ತಿನೊಡನೆ ಸಮವೇಗದಿಂದ ತಿರುಗಿಸುತ್ತ ಒತ್ತಬೇಕು; ಆಗ ಹಿಂದಿನ ಗೋಡೆ, ಗಿಡಗಳು ಗೆರೆಗೆರೆಯಾಗಿ, ಓಡುವದು ಮಾತ್ರ ಎದ್ದು ಕಾಣುವದು.

ಸೂತ್ರವನ್ನು ಅರಿತ ಮಾತ್ರಕ್ಕೆ ಕೈ ಪಳಗಲಿಲ್ಲ. ಕರಿಯಾದರೋ ವರ್ಷಕ್ಕೊಮ್ಮೆ, ಅಭ್ಯಾಸಕ್ಕೆ ಮನೆಯೇ ಸಾಕೆಂದುಕೊಂಡೆವು. ರೊಟ್ಟಿ ಬಡಿಯುವ ಕೈ, ಜೋಕಾಲಿ ಜೀಕುವ ಮಗಳು, ಕಾಳು ಕಂಡು ಓಡಿ ಬರುವ ಕೋಳಿ, ಓಣಿಯ ಸೈಕಲ್ಲು, ಇವೇ ನಮ್ಮ ಗುರುಗಳು. ದಿನಕ್ಕೆ ಇಪ್ಪತ್ತು ಚಿತ್ರ. ರಾತ್ರಿ ಅವನ್ನು ನೋಡಿ, ಪ್ರತಿಯೊಂದರ ತಪ್ಪನ್ನು ವಹಿಯಲ್ಲಿ ಬರೆದು, ಒಂದನ್ನಿಟ್ಟು ಉಳಿದುದನ್ನು ಅಳಿಸುವದು. ಮರುದಿನ ಒಂದೇ ತಪ್ಪನ್ನು ತಿದ್ದುವದು, ಎರಡನ್ನಲ್ಲ. ಮೊದಲ ತಿಂಗಳು ರೊಟ್ಟಿಯ ಹಿಟ್ಟು ಹಾರಿದ್ದಷ್ಟೇ ಲಾಭ. ಮೂರನೆಯ ತಿಂಗಳಲ್ಲಿ ಬೆರಳು ತಾನಾಗಿಯೇ ಮುಂಚಿತವಾಗಿ ಒತ್ತತೊಡಗಿತು.

ಹಾಡುತ್ತ ಹಾಡುತ್ತ ರಾಗವೆಂಬುದು ಕುಂದಗೋಳದ ನೆಲಕ್ಕೆ ಹೊಸದಲ್ಲ. ಸವಾಯಿ ಗಂಧರ್ವರ (1886–1952) ಬಳಿಯಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದರು. ಛಾಯಾಚಿತ್ರದ ಇತಿಹಾಸವೂ ಇದನ್ನೇ ಹೇಳುವದು. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಮ್ಮೆಯಾದರೂ ನೆಲವನ್ನು ಬಿಡುವವೋ ಎಂಬುದನ್ನು ತಿಳಿಯಲು ಮೈಬ್ರಿಜ್ ಎಂಬವರು 1872ರಲ್ಲಿ ಅಮೇರಿಕೆಯಲ್ಲಿ ಪ್ರಯತ್ನ ಆರಂಭಿಸಿದರು. 1878ರಲ್ಲಿ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿಟ್ಟಾಗ, ಬಿಡುವವೆಂದು ನಿಸ್ಸಂದೇಹವಾಗಿ ತೋರಿಸಿದರು. ನಡುವೆ ಆರು ವರ್ಷ!

ಈ ವರ್ಷದ ಕಾರಹುಣ್ಣಿಮೆಗೆ ನಾವು ಓಟದ ದಾರಿಯನ್ನು ಬಿಟ್ಟು ಕಟ್ಟೆಯ ಮೇಲೆ ನಿಂತೆವು. ಎತ್ತಿನ ಎದುರಿಗೆ ನಿಲ್ಲುವದೂ ಅದರ ಕಣ್ಣಿಗೆ ದೀಪ ಮಿಂಚಿಸುವದೂ ಅಪಾಯಕರವು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿರಿ. ಅಜ್ಜನವರ ಎತ್ತು ಈ ಸಲ ಮೊದಲು ಬರಲಿಲ್ಲ. ಕೆಂದೆತ್ತೊಂದು ಕರಿ ಹರಿಯಿತು. ಅದರ ಬೆನ್ನಿಗೆ ಬಿಳಿಯದು ಬಂದಾಗ ಬೇವಿನ ಎಲೆಗಳು ಇನ್ನೂ ಗಾಳಿಯಲ್ಲಿದ್ದವು. ಚಿತ್ರದಲ್ಲಿ ಒಂದು ಕೋಡಿನ ತುದಿ ಕತ್ತರಿಸಿದೆ, ಬೆಳಕೂ ಸ್ವಲ್ಪ ಕಡಿಮೆ. ಆದರೆ ಮುಖವಿದೆ; ಮುಂಗಾಲೆರಡೂ ನೆಲವನ್ನು ಬಿಟ್ಟಿವೆ. ಅಜ್ಜನವರು ಕನ್ನಡಕವನ್ನು ಒರೆಸಿಕೊಂಡು ನೋಡಿ, “ಇದು ನನ್ನ ಎತ್ತು” ಎಂದರು. ಅದನ್ನು ಇನ್ನು ಓಡಿಸುವದಿಲ್ಲವೆಂದು ಅಂದೇ ನಿಶ್ಚಯಿಸಿದರು. ಚಿತ್ರವು ಈಗ ಅವರ ಪಡಸಾಲೆಯಲ್ಲಿದೆ.

ವಾಚಕರೇ, ನಿಮ್ಮ ಮನೆಯಲ್ಲಿಯೂ ಇಂದು ಓಡುತ್ತಿರುವದು ನಾಳೆ ನಿಂತೀತು. ಅದಕ್ಕಾಗಿ ಹಬ್ಬದ ದಿವಸವನ್ನು ಕಾಯಬೇಡಿರಿ. ಇಂದಿನ ರೊಟ್ಟಿಯಿಂದಲೇ ಅಭ್ಯಾಸವನ್ನು ಆರಂಭಿಸಿರಿ.