ಹತ್ತರಾಣ ಊರಿನ ಬಿಟ್ಟ ಲೀಗು

ಮಂಜುಗೆಡ್ಡೆ ಮೇಲೆ ಆಡುವ ಐಸ್ ಹಾಕಿ ನಮಗೆ ಟಿವಿಲಿ ಕಾಂಬದು ಮಾಂತ್ರ. ಆದರೆ ಅಮೇರಿಕದ 'ಇಂಟರ್‌ನ್ಯಾಷನಲ್ ಹಾಕಿ ಲೀಗ್' ಮುಚ್ಚಿದ ಕತೆ ಮನೆ ಖರ್ಚು ನೋಡುವ ಹೆಮ್ಮಕ್ಕೊಗೆ ಬೇಗ ಅರ್ಥ ಅಕ್ಕು.

1945ರಲ್ಲಿ ಸುರು ಅಪ್ಪಗ ನಾಲ್ಕೇ ತಂಡ. ಎರಡು ಡೆಟ್ರಾಯ್ಟಿಂದು, ಎರಡು ಹೊಳೆ ದಾಂಟಿರೆ ಸಿಕ್ಕುವ ಕೆನಡಾದ ವಿಂಡ್ಸರಿಂದು. ಅಷ್ಟಕ್ಕೇ 'ಇಂಟರ್‌ನ್ಯಾಷನಲ್' ಹೇಳುವ ಹೆಸರು, ನೋಡಿ! ಮತ್ತೆ ಫ್ಲಿಂಟ್, ಮಸ್ಕೀಗನ್, ಫೋರ್ಟ್ ವೇನ್ ಹೇಳುವ ಕಾರ್ಖಾನೆ ಊರುಗೊ ಸೇರಿದವು. ಬಸ್ಸಿಲಿ ಹೋಗಿ ಆಡಿಕ್ಕಿ ಬಪ್ಪಷ್ಟೇ ದೂರ.

1990ರ ನಂತರ ದೊಡ್ಡ ಪೇಟೆಗಳ ಆಶೆ ಬಂತು. ಅಟ್ಲಾಂಟಾ, ಲಾಸ್ ವೇಗಸ್, ಹ್ಯೂಸ್ಟನ್. ಮಸ್ಕೀಗನಿನ ತಂಡವ 1992ರಲ್ಲಿ ಕ್ಲೀವ್‌ಲೆಂಡಿಂಗೆ ಕೊಂಡೋದವು. ಬಸ್ಸು ಹೋಗಿ ವಿಮಾನ ಆತು. ಒಂದು ಒಳ್ಳೆದೂ ಆತು, ಹೇಳದ್ದೆ ಇಪ್ಪಲಾಗ: ಅದೇ ವರ್ಷ ಡಿಸೆಂಬರಿಲಿ ಮನೊನ್ ರೆಯೋಮ್ ಹೇಳುವ ಕೂಸು ಅಟ್ಲಾಂಟಾದ ಗೋಲ್‌ಕೀಪರ್ ಆಗಿ ಗೆಂಡುಮಕ್ಕಳ ಲೀಗಿಲಿ ಆಡಿತ್ತು.

ಆದರೆ ಖರ್ಚು ತಡವಲೆ ಎಡಿಗಾತಿಲ್ಲೆ. 2001ರಲ್ಲಿ ಕಪ್ಪು ಗೆದ್ದ ಒರ್ಲಾಂಡೊ ತಂಡವೂ ಲೀಗಿನೊಟ್ಟಿಂಗೇ ಮುಚ್ಚಿತ್ತು. ಆರು ತಂಡ ಮಾಂತ್ರ ಬೇರೆ ಲೀಗಿಂಗೆ ಹೋತು.

ಆಟ ಲಾಯ್ಕ ಇತ್ತಿಲ್ಲೆ ಹೇಳಿ ಅಲ್ಲ. ಎನ್ನ ಲೆಕ್ಕಲ್ಲಿ, ಟಿಕೇಟು ತೆಗದು ಬತ್ತಾ ಇದ್ದ ಹತ್ತರಾಣ ಊರಿನೋರ ಬಿಟ್ಟದೇ ತಪ್ಪು. ಫೋರ್ಟ್ ವೇನಿನ ಕೊಮೆಟ್ಸ್ ತಂಡ 1999ರಲ್ಲೇ ಹೆರ ಬಂದು ಸಣ್ಣ ಲೀಗಿಂಗೆ ಸೇರಿತ್ತು. ಅದು ಇಂದಿಂಗೂ ಆಡ್ತಾ ಇದ್ದು.