ಒಂದೇ ಒರೆಗಲ್ಲು ಸಾಲದು

ಚಲನಚಿತ್ರವೊಂದನ್ನು ನೋಡಿ ಹೊರಬಂದವರ ಬಾಯಲ್ಲಿ ಸಾಮಾನ್ಯವಾಗಿ ಎರಡೇ ಮಾತುಗಳು ಕೇಳಿಬರುತ್ತವೆ: 'ಚೆನ್ನಾಗಿದೆ', ಇಲ್ಲವೆ 'ಚೆನ್ನಾಗಿಲ್ಲ'. ಏಕೆ ಎಂದು ಕೇಳಿದರೆ ಬಹುಮಂದಿ ತಡವರಿಸುತ್ತಾರೆ. ಕೆಲವರು ನಾಯಕನಟನ ಹೆಸರು ಹೇಳುತ್ತಾರೆ. ಕೆಲವರು ಹಾಡುಗಳನ್ನು ನೆನೆಯುತ್ತಾರೆ. ಇನ್ನು ಕೆಲವರು ತಮಗೆ ಪರಿಚಿತರಾದ ಯಾರೋ ಅದನ್ನು ಹೊಗಳಿದ್ದರೆಂದು ಹೇಳಿ ಸುಮ್ಮನಾಗುತ್ತಾರೆ. ಅಭಿಪ್ರಾಯ ಎಲ್ಲರಿಗೂ ಇರುತ್ತದೆ. ಅದಕ್ಕೆ ಆಧಾರವೇನೆಂದು ಹುಡುಕಹೊರಟಾಗ ವಿಮರ್ಶೆ ಆರಂಭವಾಗುತ್ತದೆ. ಸಂಸ್ಕೃತದ 'ಮೃಶ್' ಎಂಬ ಧಾತುವಿಗೆ ಮುಟ್ಟು, ಸವರು ಎಂಬ ಅರ್ಥಗಳಿವೆ. 'ವಿಮರ್ಶೆ' ಎಂಬ ಮಾತಿನ ಮೂಲ ಅದೇ. ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡುವ ನೇಕಾರನಂತೆ, ವಿಮರ್ಶಕನೂ ಕೃತಿಯನ್ನು ಮುಟ್ಟಿ ನೋಡಿದ ಬಳಿಕವೇ ಮಾತನಾಡಬೇಕಾದವನು.

ಚಲನಚಿತ್ರಗಳ ವಿಷಯದಲ್ಲಿ ಈ ಕೆಲಸವನ್ನು 46 ವರ್ಷಗಳ ಕಾಲ ನಿರಂತರವಾಗಿ ಮಾಡಿದವರು ಅಮೆರಿಕದ ರೋಜರ್ ಎಬರ್ಟ್. ಇಲಿನಾಯ್ ರಾಜ್ಯದ ಅರ್ಬಾನಾ ಎಂಬ ಸಣ್ಣ ಊರಿನಲ್ಲಿ 1942ರಲ್ಲಿ ಹುಟ್ಟಿದ ಇವರ ತಂದೆ ವಿದ್ಯುತ್ ಕೆಲಸಗಾರರು. 1967ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಎಬರ್ಟ್ ಅವರು 'ಷಿಕಾಗೋ ಸನ್-ಟೈಮ್ಸ್' ಪತ್ರಿಕೆಯ ಚಿತ್ರವಿಮರ್ಶಕರಾದರು. 1975ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಚಿತ್ರವಿಮರ್ಶೆಗಾಗಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಕುದುರೆ ಸವಾರರ ಹೊಡೆದಾಟದ ಚಿತ್ರ, ಭೂತಪ್ರೇತಗಳ ಚಿತ್ರ, ಹಾಸ್ಯಚಿತ್ರ, ಮಕ್ಕಳ ಚಿತ್ರ, ಜಪಾನಿನ ಸಂಸಾರಚಿತ್ರ, ಬಂಗಾಳದ ಹಳ್ಳಿಯ ಚಿತ್ರ, ಹೀಗೆ ಅವರು ನೋಡಿ ಬರೆಯದ ಬಗೆ ಯಾವುದೂ ಇರಲಿಲ್ಲ.

ಇಷ್ಟು ಬಗೆಯ ಚಿತ್ರಗಳನ್ನು ಒಬ್ಬನೇ ಮನುಷ್ಯನು ತೂಗುವುದು ಹೇಗೆ? ಅಕ್ಕಸಾಲಿಗನ ಕೆಲಸ ಇದಕ್ಕಿಂತ ಸುಲಭ. ಅವನ ಮುಂದೆ ಬರುವುದೆಲ್ಲವೂ ಚಿನ್ನವೇ ಆಗಿರಬೇಕಾದ್ದು. ಒಂದೇ ಒರೆಗಲ್ಲು ಸಾಕು. ಚಿತ್ರಗಳು ಹಾಗಲ್ಲ. ನಗಿಸಲೆಂದು ಹೊರಟ ಚಿತ್ರವನ್ನು 'ಇದರಲ್ಲಿ ಗಾಂಭೀರ್ಯವಿಲ್ಲ' ಎಂದು ತಳ್ಳಿಹಾಕುವುದು ಮಲ್ಲಿಗೆಯಲ್ಲಿ ಹಣ್ಣು ಬಿಡಲಿಲ್ಲವೆಂದು ದೂರಿದಂತೆ. ಎಬರ್ಟ್ ಅವರು ಪ್ರತಿ ಚಿತ್ರಕ್ಕೂ ಗರಿಷ್ಠ ನಾಲ್ಕು ನಕ್ಷತ್ರಗಳ ಶ್ರೇಣಿಯಲ್ಲಿ ಅಂಕ ಕೊಡುತ್ತಿದ್ದರು. ಆದರೆ ಆ ನಕ್ಷತ್ರಗಳು ಸಾಪೇಕ್ಷವೆಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಸಾಹಸಚಿತ್ರವೊಂದು ಹೇಗಿದೆಯೆಂದು ಸ್ನೇಹಿತನನ್ನು ಕೇಳುವವನು ಅಂತಹವೇ ಇತರ ಸಾಹಸಚಿತ್ರಗಳ ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಿರುತ್ತಾನೆ. ಅದನ್ನು ಗಂಭೀರವಾದ ದುರಂತಚಿತ್ರದೊಡನೆ ಹೋಲಿಸೆಂದು ಅಲ್ಲ. ಚಿತ್ರ ಏನನ್ನು ಸಾಧಿಸಲು ಹೊರಟಿತು, ಅದನ್ನು ಎಷ್ಟರಮಟ್ಟಿಗೆ ಸಾಧಿಸಿತು ಎಂಬುದು ಅವರ ಮೊದಲ ಪ್ರಶ್ನೆ.

ಹಾಗಾದರೆ ಆಯಾ ಜಾತಿಯ ಚಿತ್ರಕ್ಕೆ ಆಯಾ ರಿಯಾಯಿತಿ ಕೊಟ್ಟು ಎಲ್ಲವನ್ನೂ ಹೊಗಳಿಬಿಡಬಹುದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಎಬರ್ಟ್ ಅವರು ಹಾಗೆ ಮಾಡಲಿಲ್ಲ. 1988ರಲ್ಲಿ ತೆರೆಕಂಡ 'ಡೈ ಹಾರ್ಡ್' ಎಂಬ ಸಾಹಸಚಿತ್ರ ಪ್ರಸಿದ್ಧವಾದುದು. ದುಷ್ಟರ ಗುಂಪೊಂದು ಮುಗಿಲೆತ್ತರದ ಕಟ್ಟಡವನ್ನು ವಶಪಡಿಸಿಕೊಂಡಿರುತ್ತದೆ. ಒಳಗೆ ಸಿಕ್ಕಿಕೊಂಡ ಒಬ್ಬ ಪೋಲೀಸಿನವನು ಏಕಾಂಗಿಯಾಗಿ ಅವರನ್ನು ಎದುರಿಸುತ್ತಾನೆ. ಜನ ಮೆಚ್ಚಿದರು. ಎಬರ್ಟ್ ಅವರು ಕೊಟ್ಟದ್ದು ಎರಡೇ ನಕ್ಷತ್ರ. ಅವರ ಆಕ್ಷೇಪ ಸಾಹಸದ ಮೇಲಲ್ಲ, ಕಟ್ಟಡದ ಹೊರಗೆ ನಿಂತ ಪೋಲೀಸ್ ಅಧಿಕಾರಿಯ ಪಾತ್ರದ ಮೇಲೆ. ಆ ಅಧಿಕಾರಿ ಪ್ರತಿಯೊಂದು ಸಂದರ್ಭದಲ್ಲಿಯೂ ತಪ್ಪನ್ನೇ ಆಡುತ್ತಾನೆ, ತಪ್ಪನ್ನೇ ಮಾಡುತ್ತಾನೆ. ಕಥೆಗೆ ಅಡ್ಡಿಯೊಂದು ಬೇಕಾಗಿದೆ ಎಂಬುದರ ಹೊರತು ಅವನ ದಡ್ಡತನಕ್ಕೆ ಬೇರೆ ಕಾರಣವೇ ಇಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು 'ಔಚಿತ್ಯ'ವೇ ಕಾವ್ಯದ ಜೀವವೆಂದು ವಾದಿಸಿದನು. ಕೊರಳ ಹಾರವನ್ನು ಸೊಂಟಕ್ಕೆ ಬಿಗಿದುಕೊಂಡರೆ ಹಾರ ಎಷ್ಟು ಬೆಲೆಯದಾದರೂ ನೋಡುವವರಿಗೆ ನಗು ಬರುತ್ತದೆ. ಷಿಕಾಗೋದ ವಿಮರ್ಶಕನು ಕ್ಷೇಮೇಂದ್ರನನ್ನು ಓದಿರಬೇಕಾಗಿಲ್ಲ. ಆದರೂ ಅವರು ಬೆರಳಿಟ್ಟು ತೋರಿಸಿದ್ದು ಅನೌಚಿತ್ಯವನ್ನೇ. ಆ ಒಂದು ಪಾತ್ರಕ್ಕಾಗಿ ಇಡೀ ಚಿತ್ರಕ್ಕೆ ಅಷ್ಟು ಕಡಿಮೆ ಅಂಕ ಕೊಟ್ಟದ್ದು ಸ್ವಲ್ಪ ಕಟುವಾಯಿತೆಂದೇ ಹೇಳಬೇಕು. ಆದರೂ ಕಾರಣ ಎದುರಿಗಿದೆ. ಒಪ್ಪದವರು ಅದರೊಡನೆ ವಾದಿಸಬಹುದು.

ಚಿತ್ರದ ಜಾತಿಯನ್ನು ಗೌರವಿಸಿದ್ದರಿಂದಲೇ, ಬೇರೆಯವರು ಹಗುರವಾಗಿ ಕಂಡ ಜಾತಿಯಲ್ಲಿಯೂ ಅವರಿಗೆ ಮಹತ್ತ್ವ ಕಾಣಿಸಿತು. ರೇಖಾಚಿತ್ರಗಳನ್ನು ಚಲಿಸುವಂತೆ ಮಾಡಿ ತಯಾರಿಸುವ ವ್ಯಂಗ್ಯಚಿತ್ರಗಳು ಮಕ್ಕಳ ವಿನೋದಕ್ಕೆ ಮಾತ್ರ ಎಂಬ ಭಾವನೆ ಅನೇಕರಲ್ಲಿದೆ. 1988ರಲ್ಲಿ ಜಪಾನಿನ ಇಸಾವೋ ತಕಹಾತಾ ಅವರು ಈ ಮಾಧ್ಯಮದಲ್ಲಿ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಎಂಬ ಚಿತ್ರವನ್ನು ನಿರ್ದೇಶಿಸಿದರು. 1945ರಲ್ಲಿ ಕೋಬೆ ನಗರದ ಮೇಲೆ ಬೆಂಕಿಬಾಂಬುಗಳು ಬಿದ್ದಾಗ ತಾಯಿಯನ್ನು ಕಳೆದುಕೊಂಡ ಹದಿನಾಲ್ಕು ವರ್ಷದ ಅಣ್ಣ, ನಾಲ್ಕು ವರ್ಷದ ತಂಗಿ ಅನ್ನಕ್ಕಾಗಿ ಪಡುವ ಪಾಡೇ ಅದರ ಕಥೆ. ಯುದ್ಧವನ್ನು ಕುರಿತ ಶ್ರೇಷ್ಠ ಚಿತ್ರಗಳ ಪಟ್ಟಿ ಯಾವುದಾದರೂ ಇದಕ್ಕೆ ಅದರಲ್ಲಿ ಸ್ಥಾನವಿರಬೇಕೆಂದು ಎಬರ್ಟ್ ಅವರು ಬರೆದರು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', 'ಅಪರಾಜಿತೊ', 'ಅಪುರ್ ಸಂಸಾರ್' ಎಂಬ ಚಿತ್ರತ್ರಯವನ್ನೂ ಅವರು ಮಹಾಚಿತ್ರಗಳ ಸಾಲಿಗೆ ಸೇರಿಸಿದರು. ಸಿನಿಮಾ ಎಂಬುದು ಪರರ ಬಾಳನ್ನು ನಮ್ಮದಾಗಿಸಿ ಅನುಕಂಪವನ್ನು ಹುಟ್ಟಿಸುವ ಯಂತ್ರ ಎಂಬುದು ಅವರ ಪ್ರಸಿದ್ಧವಾದ ಅಭಿಪ್ರಾಯ. ಭಾರತೀಯ ಕಾವ್ಯಮೀಮಾಂಸಕರು ಇಂತಹ ನೋಟಕನನ್ನೇ 'ಸಹೃದಯ' ಎಂದು ಕರೆದರು.

ಎಲ್ಲರೂ ಒಂದು ದಿಕ್ಕಿಗೆ ನಡೆಯುವಾಗ ಒಬ್ಬನೇ ನಿಲ್ಲುವ ಧೈರ್ಯವೂ ವಿಮರ್ಶಕನಿಗೆ ಬೇಕಾಗುತ್ತದೆ. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' ಲಾಸ್ ಏಂಜಲಿಸ್‌ನಲ್ಲಿ ಪ್ರದರ್ಶಿತವಾದಾಗ ಎಬರ್ಟ್ ಅವರು ಸಭಿಕರಲ್ಲಿದ್ದರು. ಮೊದಲ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ಅದರಲ್ಲಿ ಒಂದು ಮಾತೂ ಇಲ್ಲ. ಬೇಸತ್ತ ಎಷ್ಟೋ ಮಂದಿ ಚಿತ್ರ ಮುಗಿಯುವ ಮೊದಲೇ ಎದ್ದುಹೋದರು. ಎಬರ್ಟ್ ಅವರು ಪೂರ್ತಿ ನಾಲ್ಕು ನಕ್ಷತ್ರಗಳನ್ನು ಕೊಟ್ಟರು.

ಅವರ ಬದುಕಿನ ಅತ್ಯಂತ ಬೆಲೆಯುಳ್ಳ ಅಭಿಪ್ರಾಯ ಮಾತ್ರ ಬೇರೊಂದು ಚಿತ್ರಕ್ಕೆ ಸಂಬಂಧಿಸಿದ್ದು. 1994ರಲ್ಲಿ 'ಹೂಪ್ ಡ್ರೀಮ್ಸ್' ಎಂಬ ಸಾಕ್ಷ್ಯಚಿತ್ರ ಹೊರಬಂದಿತು. ಇದರಲ್ಲಿ ನಟರಿಲ್ಲ, ಬರೆದಿಟ್ಟ ಕಥೆಯಿಲ್ಲ. ಷಿಕಾಗೋದ ಬಡ ಕಪ್ಪು ಜನಾಂಗದ ಇಬ್ಬರು ಹುಡುಗರು ಬ್ಯಾಸ್ಕೆಟ್‌ಬಾಲ್ ಆಟದಿಂದ ಮುಂದೆ ಬರುವ ಕನಸು ಕಾಣುತ್ತಾರೆ. ನಿರ್ದೇಶಕ ಸ್ಟೀವ್ ಜೇಮ್ಸ್ ಮತ್ತು ಅವರ ಸಂಗಡಿಗರು ಐದು ವರ್ಷಗಳ ಕಾಲ ಅವರನ್ನು ಹಿಂಬಾಲಿಸಿ ಚಿತ್ರೀಕರಿಸಿದರು. ಇಬ್ಬರಿಗೂ ಹೊರವಲಯದ ಖಾಸಗಿ ಶಾಲೆಯೊಂದರಲ್ಲಿ ಆಟದ ಬಲದಿಂದಲೇ ಪ್ರವೇಶ ಸಿಗುತ್ತದೆ. ಒಬ್ಬನ ಮನೆಯವರು ಶುಲ್ಕದ ಬಾಕಿ ತೀರಿಸಲಾರದೆ ಹೋದಾಗ ಅವನು ಆ ಶಾಲೆಯನ್ನು ಬಿಟ್ಟು ತನ್ನ ಕೇರಿಯ ಶಾಲೆಗೆ ಮರಳಬೇಕಾಗುತ್ತದೆ. ಮತ್ತೊಬ್ಬನ ಮಂಡಿಗೆ ಪೆಟ್ಟು ಬೀಳುತ್ತದೆ. ಮೊದಲಿನವನ ಮನೆಯಲ್ಲಿ ವಿದ್ಯುತ್ ಸಂಪರ್ಕವೇ ಕಡಿದುಹೋಗುತ್ತದೆ. ಅದೇ ಮನೆಯ ತಾಯಿ ದಾದಿಯರ ಸಹಾಯಕಿಯ ತರಬೇತಿಗೆ ಸೇರಿ, ತರಗತಿಗೇ ಹೆಚ್ಚು ಅಂಕ ಪಡೆದು ತೇರ್ಗಡೆಯಾಗುತ್ತಾಳೆ. ಆಟದಲ್ಲಿ ಯಾರು ಗೆದ್ದರೆಂಬುದಕ್ಕಿಂತ ಆ ತಾಯಿಯ ಮುಖದ ಸಂತೋಷವೇ ನೋಡಿದವರ ಮನಸ್ಸಿನಲ್ಲಿ ನಿಲ್ಲುತ್ತದೆ.

ಹತ್ತಿರ ಹತ್ತಿರ ಮೂರು ಗಂಟೆಗಳ ಇಂತಹ ಚಿತ್ರವನ್ನು ಯಾವ ಚಿತ್ರಮಂದಿರ ತೋರಿಸೀತು? ಅದಕ್ಕೆ ಹಂಚಿಕೆದಾರರು ದೊರೆಯುವ ಮೊದಲೇ ಎಬರ್ಟ್ ಅವರೂ ಅವರ ಜೊತೆಗಾರ ಜೀನ್ ಸಿಸ್ಕೆಲ್ ಅವರೂ ತಮ್ಮ ದೂರದರ್ಶನ ಕಾರ್ಯಕ್ರಮದಲ್ಲಿ ಅದನ್ನು ಎತ್ತಿ ಹೇಳಿದರು. ಮತ್ತೆ ಮತ್ತೆ ಹೇಳಿದರು. ಚಿತ್ರ ತೆರೆಕಂಡಿತು. ಆಸ್ಕರ್ ಪ್ರಶಸ್ತಿಯ ಸಾಕ್ಷ್ಯಚಿತ್ರ ವಿಭಾಗದಲ್ಲಿ ಅದರ ಹೆಸರನ್ನೇ ಸೂಚಿಸದೆ ಹೋದಾಗ ದೊಡ್ಡ ಕೋಲಾಹಲವೆದ್ದು, ಕ್ರಮೇಣ ಆ ವಿಭಾಗದ ಆಯ್ಕೆಯ ನಿಯಮಗಳೂ ಬದಲಾದವು. ಮುಂದೆ ಎಬರ್ಟ್ ಅವರು ಇದನ್ನು ಆ ದಶಕದ ಅತ್ಯುತ್ತಮ ಚಿತ್ರವೆಂದು ಕರೆದರು. ಆಗಲೇ ಗೆದ್ದವರಿಗೆ ಹಾರ ಹಾಕಲು ಬೇಕಾದಷ್ಟು ಜನರಿರುತ್ತಾರೆ. ಬಾಗಿಲ ಹೊರಗೆ ನಿಂತಿರುವ ಒಳ್ಳೆಯದನ್ನು ಕೈಹಿಡಿದು ಒಳಗೆ ಕರೆತಂದ ವಿಮರ್ಶೆಯ ಋಣ ಹೆಚ್ಚಿನದು.

ಆ ದೂರದರ್ಶನ ಕಾರ್ಯಕ್ರಮದ ಬಗ್ಗೆ ಮೆಚ್ಚುಗೆಯ ಮಾತನ್ನಷ್ಟೇ ಆಡುವಂತಿಲ್ಲ. ಸಿಸ್ಕೆಲ್ ಅವರು ಪ್ರತಿಸ್ಪರ್ಧಿ ಪತ್ರಿಕೆಯಾದ 'ಷಿಕಾಗೋ ಟ್ರಿಬ್ಯೂನ್'ನ ವಿಮರ್ಶಕರು. ಇಬ್ಬರೂ ಎದುರುಬದುರು ಕುಳಿತು ಜಗಳವಾಡುತ್ತ ಚಿತ್ರಗಳನ್ನು ಚರ್ಚಿಸುತ್ತಿದ್ದರು. ಕೊನೆಯಲ್ಲಿ ಮೆಚ್ಚಿದರೆ ಹೆಬ್ಬೆರಳನ್ನು ಮೇಲಕ್ಕೆ, ಮೆಚ್ಚದಿದ್ದರೆ ಕೆಳಕ್ಕೆ ತೋರಿಸುತ್ತಿದ್ದರು. ಜಗಳ ಕೇಳಲು ಯೋಗ್ಯವಾಗಿತ್ತು, ಏಕೆಂದರೆ ಅದರಲ್ಲಿ ಕಾರಣಗಳಿದ್ದವು. ಆದರೆ ಜಾಹೀರಾತುಗಳವರು ಎತ್ತಿಕೊಂಡದ್ದು ಹೆಬ್ಬೆರಳನ್ನು ಮಾತ್ರ. ಸಾವಿರ ಮಾತುಗಳಲ್ಲಿ ಸೂಕ್ಷ್ಮವಾಗಿ ಬರೆಯಬಲ್ಲವರ ತೀರ್ಪು ಒಂದು ಬೆರಳಿಗೆ ಇಳಿದು, 'ಚೆನ್ನಾಗಿದೆ, ಚೆನ್ನಾಗಿಲ್ಲ' ಎಂಬ ಹಳೆಯ ಜಾಗಕ್ಕೇ ಬಂದು ನಿಂತಿತು. ಇಂದು ಜನ ಕೈಯಲ್ಲಿ ಹಿಡಿದ ದೂರವಾಣಿಯ ತೆರೆಯ ಮೇಲೆ ಒತ್ತುವ ಹೆಬ್ಬೆರಳಿನ ಚಿಹ್ನೆ ಅದಕ್ಕಿಂತ ಉತ್ತಮವೇನೂ ಅಲ್ಲ.

ಪುಣ್ಯಕ್ಕೆ ಎಬರ್ಟ್ ಅವರು ಬರೆಯುವುದನ್ನು ಬಿಡಲಿಲ್ಲ. ಬರೆದದ್ದನ್ನು ಮತ್ತೆ ಪರೀಕ್ಷಿಸುವುದನ್ನೂ ಬಿಡಲಿಲ್ಲ. 1993ರಲ್ಲಿ ಬಂದ 'ಗ್ರೌಂಡ್‌ಹಾಗ್ ಡೇ' ಎಂಬ ಹಾಸ್ಯಚಿತ್ರದ ನಾಯಕ ಹವಾಮಾನ ವರದಿಗಾರ; ಸಣ್ಣ ಊರೊಂದರಲ್ಲಿ ಪ್ರತಿದಿನ ಬೆಳಗ್ಗೆ ಎದ್ದಾಗಲೂ ಅವನಿಗೆ ಫೆಬ್ರವರಿ 2ನೆಯ ತಾರೀಖೇ ಮರಳಿ ಬರುತ್ತದೆ. ಮೊದಲು ಎಬರ್ಟ್ ಅವರು ಅದಕ್ಕೆ ಮೂರು ನಕ್ಷತ್ರ ಕೊಟ್ಟಿದ್ದರು. 2005ರಲ್ಲಿ ಅದನ್ನೇ ಮಹಾಚಿತ್ರಗಳ ಸಾಲಿಗೆ ಸೇರಿಸಿ, ತಾವು ಅಂದು ಕಡಿಮೆ ತೂಗಿದ್ದಾಗಿ ಬಹಿರಂಗವಾಗಿ ಒಪ್ಪಿಕೊಂಡರು. ಆ ಚಿತ್ರ ತನ್ನ ಕೆಲಸವನ್ನು ಎಷ್ಟು ಸರಾಗವಾಗಿ ಮಾಡುತ್ತದೆಂದರೆ, ಅದರ ಆಳ ಮೊದಲ ನೋಟಕ್ಕೆ ಕಾಣುವುದಿಲ್ಲ.

ಕೊಲರಾಡೋ ವಿಶ್ವವಿದ್ಯಾನಿಲಯವಿರುವ ಬೌಲ್ಡರ್ ನಗರಕ್ಕೆ ಅವರು ದಶಕಗಳ ಕಾಲ ಹೋಗುತ್ತಿದ್ದರು. ಅಲ್ಲಿ ನಡೆಯುವ ವಾರ್ಷಿಕ ಸಮ್ಮೇಳನದಲ್ಲಿ ಒಂದೇ ಚಿತ್ರವನ್ನು ಹಲವು ದಿನ ನೋಡುವ ಪದ್ಧತಿಯಿತ್ತು. ಕತ್ತಲಲ್ಲಿ ಕುಳಿತವರಲ್ಲಿ ಯಾರು ಬೇಕಾದರೂ 'ನಿಲ್ಲಿಸಿ' ಎಂದು ಕೂಗಬಹುದು. ಕೂಡಲೇ ಚಿತ್ರ ನಿಲ್ಲುತ್ತದೆ. ದೀಪ ಎಡಗಡೆ ಏಕಿದೆ, ಇವನು ಬಾಗಿಲ ಬಳಿಯೇ ಏಕೆ ನಿಂತಿದ್ದಾನೆ, ಆ ಕಿಟಕಿ ಅಷ್ಟು ಎತ್ತರದಲ್ಲಿರಬೇಕೆ ಎಂದು ಚರ್ಚೆ ನಡೆಯುತ್ತದೆ. ವಿದ್ಯಾರ್ಥಿಯ ಪ್ರಶ್ನೆಗೂ ಪಂಡಿತನ ಪ್ರಶ್ನೆಗೂ ಅಲ್ಲಿ ಒಂದೇ ಮರ್ಯಾದೆ. ಪುಲಿಟ್ಜರ್ ಪಡೆದ ವಿಮರ್ಶಕನಿಗೆ ಕಾಣದ್ದು ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಕಾಣುವುದೂ ಉಂಟು.

2006ರಲ್ಲಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗಳಿಂದ ಎಬರ್ಟ್ ಅವರು ಮಾತನಾಡುವ, ಉಣ್ಣುವ ಶಕ್ತಿಗಳೆರಡನ್ನೂ ಕಳೆದುಕೊಂಡರು. ಲೇಖನಿ ನಿಲ್ಲಲಿಲ್ಲ. 2012ನೆಯ ಒಂದೇ ವರ್ಷದಲ್ಲಿ ಅವರು ಬರೆದ ವಿಮರ್ಶೆಗಳು 306; ಅವರ ಬಾಳಿನಲ್ಲಿಯೇ ಅದು ಅತಿ ಹೆಚ್ಚಿನ ಸಂಖ್ಯೆ. 2013ರ ಏಪ್ರಿಲ್ 4ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ಕ್ಯಾಮೆರಾ ಹಿಡಿದು ನಿಂತು, 'ಲೈಫ್ ಇಟ್‌ಸೆಲ್ಫ್' ಎಂಬ ಸಾಕ್ಷ್ಯಚಿತ್ರವನ್ನು ತೆಗೆದವರು 'ಹೂಪ್ ಡ್ರೀಮ್ಸ್'ನ ಅದೇ ಸ್ಟೀವ್ ಜೇಮ್ಸ್. 2014ರಲ್ಲಿ ಅದು ತೆರೆಕಂಡಾಗ ಬೇರೆ ಬೇರೆ ಪತ್ರಿಕೆಗಳ ವಿಮರ್ಶಕರು ಅದನ್ನೂ ನೋಡಿ, ನಕ್ಷತ್ರಗಳನ್ನು ಎಣಿಸಿ, ತಮ್ಮ ತಮ್ಮ ಅಭಿಪ್ರಾಯಗಳನ್ನು ಬರೆದರು.